ರಿಸ್ಕರ್, ಡೇರಿಂಗ್‌ವಾಲಾ, ಡೇಂಜರ್‌ಮನ್

ಧೈರ್ಯವಿಲ್ಲದವನಿಗೆ ಧೈರ್ಯಸ್ಥರ ಹೆಸರುಗಳೆಲ್ಲ ಚೆನ್ನಾಗಿ ಗೊತ್ತಿರುತ್ತವೆ. ನಾನು ವಾಡಿ ಜಂಕ್ಷನ್ನಿನ ಮಾಲುಗುದಾಮಿನಲ್ಲಿ ಗುಮಾಸ್ತ. ಚಿತ್ತಾಪುರದ ನಿಜಾಮಶಾಹಿ ಶಾಲೆಯಲ್ಲಿ ಒಂದಿಷ್ಟು ಉರ್ದು, ಅದಕ್ಕಿಂತ ಕಡಿಮೆ ಇಂಗ್ಲಿಷು ಕಲಿತವನು. ನನ್ನ ಹೆಂಡತಿ ನೀಲಮ್ಮ ಶಾಲೆಯ ಮುಖ ಕಂಡವಳಲ್ಲ. ಆದರೆ ರೈಲು ಚಾಳಿನಲ್ಲಿ ಕಿವಿಗೆ ಬಿದ್ದ ಇಂಗ್ಲಿಷಿಗೆ ತನ್ನದೇ ಬಾಲ ಕಟ್ಟಿ ಹೊಸ ಮಾತು ಹುಟ್ಟಿಸುತ್ತಿದ್ದಳು. ಹೊರಟ ಗಾಡಿಗೆ ಜಿಗಿಯುವವನು ‘ರಿಸ್ಕರ್’. ಟಿಕೆಟ್ಟಿಲ್ಲದೆ ಶಹಾಬಾದಿಗೆ ಹೋಗಿಬರುವವನು ‘ಡೇರಿಂಗ್‌ವಾಲಾ’. ಪಲ್ಯಕ್ಕೆ ಉಪ್ಪು ಸಾಲದೆಂದು ಹೆಂಡತಿಗೆ ಹೇಳುವವನು ‘ಡೇಂಜರ್‌ಮನ್’. ಇವು ಯಾವ ಡಿಕ್ಷನರಿಯಲ್ಲೂ ಇಲ್ಲವೆಂದರೆ, “ಡಿಕ್ಷನರಿ ಬರೆದವ್ರೂ ನಿಮ್ಹಂಗ ಅಂಜುಬುರುಕರೇ ಇರಬೇಕು ಬಿಡ್ರಿ” ಎನ್ನುತ್ತಿದ್ದಳು. ಮೂರರಲ್ಲಿ ಒಂದು ಬಿರುದೂ ನನಗೆ ಸಿಗಲಿಲ್ಲ.

ಆಕೆ ತೀರಿಕೊಂಡಾಗ ದಂಡೋತಿಯಿಂದ ಅತ್ತೆ ಬಂದರು. ನಮ್ಮ ಕಡೆ ಅತ್ತೆಯಾದವಳು ಅಳಿಯನ ಎದುರು ನಿಲ್ಲುವುದಿಲ್ಲ, ನೇರವಾಗಿ ಮಾತಾಡುವುದಿಲ್ಲ. ಮದುವೆಯಾದಾಗಿನಿಂದ ಅವರು ಬಾಗಿಲ ಹಿಂದೆ, ನಾನು ಈಚೆ, ಮಾತು ಒಯ್ಯಲು ನಡುವೆ ನೀಲಮ್ಮ. ಈಗ ನಡುವೆ ಬರೀ ಬಾಗಿಲು. ಅತ್ತೆ ಅದಕ್ಕೇ ಹೇಳತೊಡಗಿದರು: ನೀರು ಕಾದಿದೆಯೆಂದು ಬಾಗಿಲಿಗೆ, ರೊಟ್ಟಿ ಆರುತ್ತಿದೆಯೆಂದು ಬಾಗಿಲಿಗೆ. ನಾನೂ ಆಯಿತೆಂದು ಬಾಗಿಲಿಗೇ ಹೇಳುತ್ತಿದ್ದೆ. ಅಷ್ಟೊಂದು ಸಂಸಾರದ ಹೊಣೆ ಹೊತ್ತ ಮರ ಈ ಸೀಮೆಯಲ್ಲಿ ಇನ್ನೊಂದಿರಲಾರದು.

ನೀಲಮ್ಮನ ತಿಥಿಕಾರ್ಯ ಮುಗಿದ ಮೇಲೆ ಒಂದು ಮುಂಜಾನೆ ಅತ್ತೆ ಗಂಟು ಕಟ್ಟಿದರು. ಮಗಳಿಲ್ಲದ ಮನೆಯಲ್ಲಿ ಉಳಿದರೆ ಜನ ಆಡಿಕೊಳ್ಳುತ್ತಾರೆಂದು ಬಾಗಿಲಿಗೆ ತಿಳಿಸಿದರು. ದಂಡೋತಿಯಲ್ಲಿ ಅವರಿಗೆ ಯಾರೂ ಇರಲಿಲ್ಲ; ಇಲ್ಲಿ ನನಗೂ ಯಾರೂ ಇರಲಿಲ್ಲ. ಅವರು ಹೋದರೆ ನೀಲಮ್ಮನ ಹೆಸರು ಹಿಡಿದು ಅಳುವ ಇನ್ನೊಂದು ದನಿ ಮನೆಯಲ್ಲಿ ಉಳಿಯುವುದಿಲ್ಲ. ಇಷ್ಟನ್ನು ಬಾಗಿಲಿಗೆ ಹೇಳಲು ನನಗೆ ಬರಲಿಲ್ಲ. ಒಳಗೆ ಹೋಗಿ ಗಂಟಿನ ಮುಂದೆ ಕುಳಿತುಬಿಟ್ಟೆ.

“ಅತ್ತಿ, ಹೋಗಬ್ಯಾಡ್ರಿ” ಎಂದೆ.

ಅತ್ತೆ ಸೆರಗನ್ನು ಮುಖಕ್ಕೆ ಎಳೆದುಕೊಂಡು ಬಹಳ ಹೊತ್ತು ಅತ್ತರು. ಆಮೇಲೆ ಸೆರಗಿನೊಳಗಿನಿಂದಲೇ, “ಇದನ್ನ ಗಂಟು ಕಟ್ಟೂಕಿಂತ ಮೊದ್ಲು ಹೇಳಬಾರದೇನ್ರಿ ಅಳಿಯಾ? ನನ್ನ ನಡಾ ಹೋಯ್ತು. ಈಗ ನೀವೇ ಬಿಚ್ಚರಿ” ಎಂದರು.

ಬಿಚ್ಚಿದೆ. ಅಂದಿನಿಂದ ಅತ್ತೆ ನೇರವಾಗಿಯೇ ಮಾತಾಡುತ್ತಾರೆ. ನಾನು ನೀರು ಸೇದುವುದು, ಉಣ್ಣುವುದು, ಕೊನೆಗೆ ಕೆಮ್ಮುವುದು ಕೂಡ ಅವರಿಗೆ ಸರಿಬರುವುದಿಲ್ಲ. ಒಂದೊಂದನ್ನೂ ಮುಖದ ಮೇಲೇ ಹೇಳುತ್ತಾರೆ. ಮೊದಲೆಲ್ಲ ನೀಲಮ್ಮ ಒಳಗಿನಿಂದ ಬಂದು, “ಅವ್ವ ನಿಮ್ಮನ್ನ ಭಾಳ ಹೊಗಳ್ಲಿಕತ್ತಾಳ್ರಿ” ಎನ್ನುತ್ತಿದ್ದಳು. ನಾನು ಅದನ್ನು ನಂಬಿ, ಇಷ್ಟು ವರ್ಷ ಮೀಸೆ ತಿರುವಿಕೊಂಡು ಓಡಾಡಿದೆ.