ಕಾಲು ಪುಟದ ನಗು

ಹಲ್ಲಿನ ಡಾಕ್ಟರ ಹೆಂಡತಿ ಕಂಪ್ಯೂಟರಿನಲ್ಲಿ ಫೋಟೋ ತಿದ್ದುವುದನ್ನೂ ಜಾಹೀರಾತಿನ ಪುಟ ಜೋಡಿಸುವುದನ್ನೂ ಕಲಿಯಲು ಹೊರಟ ದಿನದಿಂದ ಆ ಮನೆಯಲ್ಲಿ ಯಾವ ವಸ್ತುವೂ ಇದ್ದ ಕಡೆ ನೆಮ್ಮದಿಯಾಗಿ ಇರಲಿಲ್ಲ. ಗೋಡೆಗೆ ಅಂಟಿಕೊಂಡಿದ್ದ ಸೋಫಾ ಉಸಿರಾಡಲು ಜಾಗ ಬೇಕೆಂದು ಒಂದು ಗೇಣು ಮುಂದೆ ಬಂತು. ಗಡಿಯಾರ, ಕ್ಯಾಲೆಂಡರ್ ಮತ್ತು ಮಾವನವರ ಫೋಟೋ ಮೂರೂ ಒಂದೇ ಗೆರೆಗೆ ಬರಬೇಕೆಂದು ಮಾವನವರು ಒಂದಡಿ ಕೆಳಗಿಳಿದರು. (ಬದುಕಿದ್ದಾಗ ಅವರು ಯಾರ ಮಾತಿಗೂ ಒಂದಂಗುಲ ಇಳಿದವರಲ್ಲ.) ಊಟಕ್ಕೆ ಕೂತರೆ ತಟ್ಟೆಯ ನಟ್ಟನಡುವೆ ಒಂದು ಹಿಡಿ ಅನ್ನ, ಸುತ್ತಲೂ ಬಟ್ಟಬಯಲು.

"ಇನ್ನೊಂಚೂರು ಹಾಕೇ" ಎಂದರು ಡಾಕ್ಟರು.

"ಸುತ್ತ ಖಾಲಿ ಜಾಗ ಇದ್ರೇನೇ ಕಣ್ಣಿಗೆ ಹಿತ ರೀ."

"ಕಣ್ಣಿಗೆ ಹಿತ ಸರಿ, ಹೊಟ್ಟೆ ಏನು ಪಾಪ ಮಾಡಿತ್ತು?"

ಹಾಲು ಉಕ್ಕಿದರೆ ಅವಳ ಎಡಗೈ ಬೆರಳುಗಳು ತಾವಾಗಿಯೇ ಅಡುಗೆ ಕಟ್ಟೆಯ ಮೇಲೆ ಕೀಬೋರ್ಡಿನ ಎರಡು ಕೀಲಿಗಳನ್ನು ತಡಕಾಡಿ ಒತ್ತುತ್ತಿದ್ದವು. ಕಂಪ್ಯೂಟರಿನಲ್ಲಿ ಮಾಡಿದ ಎಡವಟ್ಟನ್ನು ಮಾಡೇ ಇಲ್ಲ ಅನ್ನಿಸುವ ಕೀಲಿಗಳವು. ಅಡುಗೆಮನೆಯಲ್ಲಿ ಹಾಲು ಹಿಂದಕ್ಕೆ ಹೋಗುತ್ತಿರಲಿಲ್ಲ, ಅತ್ತೆ ಮಾತ್ರ ಮುಂದಕ್ಕೆ ಬರುತ್ತಿದ್ದರು. "ಕಟ್ಟೆ ಮೇಲೆ ತಬಲಾ ಬಾರಿಸ್ತಾ ನಿಂತ್ರೆ ಒಲೆ ಆರಿಸೋರು ಯಾರು?" ಎಂದು ತಾವೇ ಆರಿಸಿ ಹೋಗುತ್ತಿದ್ದರು.

ತರಗತಿ ನಡೆಯುತ್ತಿದ್ದದ್ದು ಒಂದು ಮುದ್ರಣಾಲಯದ ಮೇಲಿನ ಮಹಡಿಯಲ್ಲಿ. ಕೆಳಗೆ ಯಂತ್ರ ಓಡಿದರೆ ಮೇಲೆ ಟೇಬಲ್ಲುಗಳು ಗಡಗಡ ನಡುಗಿ, ಜೋಪಾನವಾಗಿ ಕತ್ತರಿಸುತ್ತಿದ್ದ ಮುಖದಿಂದ ಅರ್ಧ ಕಿವಿ ಹಾರಿಹೋಗುತ್ತಿತ್ತು. ಕಲಿಸುವವರು ಮಾರ್ಜಿನ್ ಮೇಷ್ಟ್ರು. ಅಂಚಿನಲ್ಲಿ ಜಾಗ ಬಿಡದವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. ರಸ್ತೆಯಲ್ಲಿ ನಡೆಯುವಾಗಲೂ ಎರಡೂ ಕಡೆ ಸಮನಾಗಿ ಜಾಗ ಬಿಟ್ಟು ಮಧ್ಯದಲ್ಲೇ ನಡೆದು ಬೈಸಿಕೊಳ್ಳುವವರು. ಅಳಿಸುವುದನ್ನು, ಅಂಟಿಸುವುದನ್ನು, ಬೆಳಕನ್ನು ಹೊಂದಿಸುವುದನ್ನು ಅವರು ಅದ್ಭುತವಾಗಿ ಕಲಿಸಿದರು. ಕೊನೆಗೆ ಪರೀಕ್ಷೆಯ ಷರತ್ತು ಹೇಳಿದರು. ಒಬ್ಬ ನಿಜವಾದ ಗಿರಾಕಿಗೆ ಜಾಹೀರಾತು ಮಾಡಬೇಕು, ಅದು ವಾರಪತ್ರಿಕೆಯಲ್ಲಿ ಕಾಲು ಪುಟ ಅಚ್ಚಾಗಬೇಕು, ಫೋಟೋ ತಾನೇ ತೆಗೆದದ್ದಾಗಿರಬೇಕು. ಪುಟ ಜೋಡಣೆಗೆ ಐವತ್ತು ಅಂಕ, ಫೋಟೋ ತಿದ್ದಿದ್ದಕ್ಕೆ ಐವತ್ತು, ಎರಡರಲ್ಲೂ ಬೇರೆ ಬೇರೆಯಾಗಿ ಪಾಸಾಗಬೇಕು. ಪಾಸಾದವರಲ್ಲಿ ಒಬ್ಬರಿಗೆ ಕೆಳಗಿನ ಮುದ್ರಣಾಲಯದಲ್ಲಿ ಡಿಸೈನರ್ ಕುರ್ಚಿ.

ಆ ಕುರ್ಚಿಯನ್ನು ಸೊಸೆ ನೋಡಿ ಬಂದಿದ್ದಳು. ನೀಲಿ ಬಣ್ಣದ್ದು, ಸುತ್ತ ತಿರುಗುವಂಥದ್ದು. ಆ ಮನೆಯಲ್ಲಿ ಕುರ್ಚಿ ಎಂದರೆ ಹದಿನಾಲ್ಕು ವರ್ಷದಿಂದ ಒಂದೇ ಕುರ್ಚಿ, ಡಾಕ್ಟರ ಕ್ಲಿನಿಕ್ಕಿನದು. ಮಾತು, ಊಟ, ಪ್ರವಾಸ ಎಲ್ಲವೂ ಅದರ ಸುತ್ತಲೇ. ತನ್ನದೂ ಅಂತ ಒಂದು ಕುರ್ಚಿ ಇರಬೇಕೆಂದು ಅವಳಿಗೆ ಅತ್ಯಾಸೆಯಾಗಿತ್ತು. ಯಾರೂ ನೋಡದಾಗ ಅದರಲ್ಲಿ ಕೂತು ಎರಡು ಸುತ್ತು ಸುತ್ತಿಯೂ ಬಂದಿದ್ದಳು.

ಗಿರಾಕಿಗೇನು ಬರ? ಗಂಡನೇ ಇದ್ದ. ಕ್ಲಿನಿಕ್ಕಿಗೆ ಹೊಸಬರು ಬರಲಿ ಎಂದು ಡಾಕ್ಟರೂ ಒಪ್ಪಿದರು. ಒಪ್ಪಿದ ಮರುಕ್ಷಣವೇ ಗಿರಾಕಿಯ ಅವತಾರ ತಾಳಿದರು.

"ನನ್ನ ಹೆಸರು ದೊಡ್ಡದಿರಲಿ."

"ಇರಲಿ."

"ಫೋನ್ ನಂಬರ್ ಅದಕ್ಕಿಂತ ದೊಡ್ಡದು."

"ಆಯ್ತು."

"ಡಿಗ್ರಿಗಳು, ಸಮಯ, ರಜಾದಿನ, ನಕ್ಷೆ, ಒಂದು ದವಡೆ ಹಲ್ಲಿನ ಅಡ್ಡಸೀಳಿದ ಚಿತ್ರ..."

"ರೀ, ಇದು ಕಾಲು ಪುಟ. ನೀವು ಹೇಳ್ತಿರೋದಕ್ಕೆ ನಮ್ಮ ಮನೆ ಗೋಡೆ ಸಾಲಲ್ಲ!"

ಜಗಳವಾಡಿ, ರಾಜಿಯಾಗಿ, ಕೊನೆಗೆ 'ನಗುವುದಕ್ಕೆ ವಯಸ್ಸಿಲ್ಲ' ಎಂಬ ಒಂದು ಸಾಲು, ಅದರ ಮೇಲೆ ವಯಸ್ಸಾದವರ ಒಂದು ನಗುಮುಖ, ಕೆಳಗೆ ವಿಳಾಸ ಎಂದು ತೀರ್ಮಾನವಾಯಿತು. ಮುಖ ಯಾರದು? ಮನೆಯಲ್ಲಿ ವಯಸ್ಸಾದವರು ಅತ್ತೆ ಒಬ್ಬರೇ. ಆ ಮುಖದಲ್ಲಿ ಎಲ್ಲ ಇತ್ತು. ನೆರಿಗೆಗಳು ಚಂದ, ಕಣ್ಣುಗಳು ಚಂದ, ಬೆಳ್ಳಿ ಕೂದಲಂತೂ ಕ್ಯಾಮೆರಾಕ್ಕೆಂದೇ ಬೆಳೆದಂತಿತ್ತು. ನಗು ಒಂದೇ ಇರಲಿಲ್ಲ.

ಕಾರಣ ಇಷ್ಟೇ. ಹಲ್ಲಿನ ಡಾಕ್ಟರ ತಾಯಿಗೆ ಮೇಲಿನ ಸಾಲಿನಲ್ಲಿ ಮುಂದಿನ ಆರು ಹಲ್ಲು ಇರಲಿಲ್ಲ. ಊರಿನ ಅರ್ಧ ಬಾಯಿಗಳನ್ನು ದುರಸ್ತಿ ಮಾಡಿದ ಮಗ ಹನ್ನೊಂದು ವರ್ಷದಿಂದ ಅಮ್ಮನ ಬಾಯಿಯ ಮುಂದೆ ಕೈಕಟ್ಟಿ ನಿಂತಿದ್ದ. "ಒಂಬತ್ತು ತಿಂಗಳು ಹೊತ್ತವಳ ಬಾಯಿಗೇ ಕೈ ಹಾಕೋಕೆ ಬರ್ತೀಯಾ?" ಎಂದು ಅವರು ತುಟಿ ಬಿಗಿದರೆ ಮುಗಿಯಿತು, ಡಾಕ್ಟರ ಡಿಗ್ರಿಗಳೆಲ್ಲ ಬಾಗಿಲಾಚೆ. ಮಾತಾಡುವಾಗ ಅಂಗೈ ಅಡ್ಡ, ನಗು ಬಂದರೆ ಮೂಗಿನಿಂದಲೇ ಹೊರಗೆ. ಹಲ್ಲಿಲ್ಲದ ವಿಷಯ ಮನೆಯವರಿಗಲ್ಲದೆ ಮೂರನೆಯವರಿಗೆ ಗೊತ್ತಿರಲಿಲ್ಲ.

"ಫೋಟೋ ತೆಗಿ, ಬೇಡ ಅನ್ನಲ್ಲ. ಬಾಯಿ ಮಾತ್ರ ತೆಗಿಯಲ್ಲ" ಎಂದರು ಅತ್ತೆ. ಸೊಸೆ ನಲವತ್ತು ಫೋಟೋ ತೆಗೆದಳು. ನಲವತ್ತರಲ್ಲೂ ಅವರು ಆಗಷ್ಟೇ ಯಾರಿಗೋ ಮರಣದಂಡನೆ ವಿಧಿಸಿ ಎದ್ದ ನ್ಯಾಯಾಧೀಶರ ಹಾಗೆ ಕಾಣುತ್ತಿದ್ದರು. ಅವುಗಳ ಕೆಳಗೆ 'ನಗುವುದಕ್ಕೆ ವಯಸ್ಸಿಲ್ಲ' ಎಂದು ಬರೆದರೆ ಓದುಗರು ಹೆದರಿ ಪುಟ ಮಗುಚುವುದು ಖಂಡಿತ.

ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ಪುಟ ಪತ್ರಿಕೆಗೆ ಸೇರಬೇಕಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಸೊಸೆಗೆ ಮಿಂಚಿನಂತೆ ಒಂದು ಉಪಾಯ ಹೊಳೆಯಿತು. ಅತ್ತೆಯ ಹತ್ತಿರ ಇಲ್ಲದ್ದು ತನ್ನ ಹತ್ತಿರ ಧಾರಾಳವಾಗಿದೆಯಲ್ಲ! ಕಿಟಕಿ ಪಕ್ಕ ನಿಂತು ಕ್ಯಾಮೆರಾ ಎದುರು ಹಲ್ಲು ಕಿರಿದಳು. ಆ ನಗುವನ್ನು ನಾಜೂಕಾಗಿ ಕತ್ತರಿಸಿ ಅತ್ತೆಯ ಮುಖದ ಮೇಲಿಟ್ಟಳು. ತುಟಿಯ ಬಣ್ಣ ಹೊಂದಿಸಿದಳು, ಕೆನ್ನೆಯನ್ನು ಒಂದಿಷ್ಟು ಮೇಲೆತ್ತಿದಳು, ನಗುವಿಗೆ ತಕ್ಕಂತೆ ಕಣ್ಣಿನ ಕೊನೆಯಲ್ಲಿ ನಾಲ್ಕು ಗೆರೆ ಮೂಡಿಸಿದಳು. ಮೂರು ಗಂಟೆ ಕಾಲ ಉಸಿರು ಬಿಗಿಹಿಡಿದು ಮಾಡಿದ ಕೆಲಸ. ಎಲ್ಲಿ ಅತ್ತೆ ಮುಗಿದು ಎಲ್ಲಿ ಸೊಸೆ ಶುರುವಾಗುತ್ತಾಳೆಂದು ಭೂತಗನ್ನಡಿ ಹಿಡಿದರೂ ತಿಳಿಯುವಂತಿರಲಿಲ್ಲ. ಅವಳ ಎಡಗಡೆಯ ಕೋರೆಹಲ್ಲು ಪಕ್ಕದ ಹಲ್ಲಿನ ಹೆಗಲ ಮೇಲೆ ಕೈಹಾಕಿಕೊಂಡು ನಿಂತಂತೆ ತುಸು ವಾಲಿತ್ತು. ಹಲ್ಲಿನ ಡಾಕ್ಟರ ಜಾಹೀರಾತಿನಲ್ಲಿ ಅದೂ ಠೀವಿಯಿಂದ ಬಂದು ಕೂತಿತು. ತನ್ನ ಹಲ್ಲು ತನಗೆ ಸೊಟ್ಟಗೆ ಕಂಡೀತೆ?

ಹನ್ನೆರಡಕ್ಕೆ ಐದು ನಿಮಿಷ. ಖುಷಿಗೆ ಅವಳ ಕೈ ಕುಣಿಯುತ್ತಿತ್ತು. ಮೇಷ್ಟ್ರು ಮೂರು ತಿಂಗಳು ಗಂಟಲು ಹರಿದುಕೊಂಡು ಹೇಳಿದ್ದರು, ಒಂದರ ಮೇಲೊಂದು ಅಂಟಿಸಿದ ತುಣುಕುಗಳ ಪದರಗಳನ್ನು ಬೇರೆ ಬೇರೆಯಾಗಿ ಉಳಿಸಿಕೊಳ್ಳಿ, ಮೂಲ ಫೋಟೋ ಮುಟ್ಟಬೇಡಿ ಎಂದು. ಅವಳು ಎಲ್ಲ ಪದರಗಳನ್ನೂ ಒಂದಾಗಿ ಬೆಸೆದು, ಮೂಲ ಫೋಟೋದ ಹೆಸರಿನಲ್ಲೇ, ಅದು ಅಳಿಸಿಹೋಗುವಂತೆ ಅದರ ಮೇಲೆಯೇ ಉಳಿಸಿ, ಕಳಿಸಿಬಿಟ್ಟಳು. ಉಳಿದ ಮೂವತ್ತೊಂಬತ್ತು ಫೋಟೋ ಮತ್ತು ತನ್ನ ಹಲ್ಲು ಕಿರಿದ ಫೋಟೋ ಇನ್ಯಾಕೆಂದು ಅಳಿಸಿಯೂ ಹಾಕಿದಳು. ಮೇಜು ಚೊಕ್ಕಟವಾಗಿರಬೇಕಲ್ಲ!

ಶನಿವಾರ ಪತ್ರಿಕೆ ಬಂತು. ಡಾಕ್ಟರು ಪುಟ ತೆರೆದು, ಜಾಹೀರಾತು ನೋಡಿ, ಕಾಫಿ ಕೆಳಗಿಟ್ಟರು.

"ಇದು ನಮ್ಮಮ್ಮನಾ?"

"ಹೂಂ."

"ಈ ಹಲ್ಲು ನಿಂದಲ್ವಾ?"

"ಮೆಲ್ಲಗೆ ಮಾತಾಡಿ ರೀ!"

"ಅಯ್ಯೋ, ಯಾರಾದ್ರೂ ಬಂದು ಈ ಹಲ್ಲು ಕಟ್ಟಿಸ್ಕೊಂಡೋರನ್ನ ತೋರ್ಸಿ ಅಂದ್ರೆ ನಾನು ಯಾರ ಬಾಯಿ ತೆರೀಲಿ? ಅದಿರ್ಲಿ, ಅಮ್ಮ ನೋಡಿದ್ರೆ..."

ಅಮ್ಮ ಆಗಲೇ ನೋಡುತ್ತಿದ್ದರು. ಮಗನ ಭುಜದ ಹಿಂದಿನಿಂದ ಕೈ ಚಾಚಿ ಪತ್ರಿಕೆ ತೆಗೆದುಕೊಂಡು, ಕನ್ನಡಕ ಏರಿಸಿ, ಕಿಟಕಿ ಹತ್ತಿರ ಹೋದರು. ಅತ್ತೆ ಪತ್ರಿಕೆಯನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು, ಕನ್ನಡಿಯ ಮುಂದೆ ಹೋಗಿ ಪಕ್ಕದಲ್ಲಿಟ್ಟುಕೊಂಡು ನೋಡಿದರು. ಪಕ್ಕದ ಮನೆಯಾಕೆ ಕಾಂಪೌಂಡಿನಾಚೆಯಿಂದ, "ಎಷ್ಟು ಲಕ್ಷಣವಾಗಿ ನಗ್ತೀರಿ! ಇಷ್ಟು ದಿನ ಯಾಕೆ ಬಚ್ಚಿಟ್ಟಿದ್ರಿ?" ಎಂದು ಕೂಗಿದಳು. ಅತ್ತೆ ಅಂಗೈ ಅಡ್ಡ ಹಿಡಿದು ತಲೆಯಾಡಿಸಿದರು. ಆಮೇಲೆ ಮಗನ ಮುಂದೆ ಬಂದು ನಿಂತು, ಪತ್ರಿಕೆಯ ಮೇಲೆ ಬೆರಳಿಟ್ಟರು.

"ಈ ಹಲ್ಲು ನನಗೆ ಬೇಕು."

ಹನ್ನೊಂದು ವರ್ಷ ಕಾದ ಮಗನಿಗೆ ಸ್ವರ್ಗವೇ ಕೈಗೆ ಬಂದಂತಾಯಿತು. "ಕಟ್ತೀನಮ್ಮಾ! ಇದಕ್ಕಿಂತ ನೇರವಾಗಿ, ಇದಕ್ಕಿಂತ ಚೆನ್ನಾಗಿ..."

"ಇದೇ ಬೇಕು. ಈ ಸೊಟ್ಟದ್ದು ಇದೆಯಲ್ಲ, ಅದೂ ಸೇರಿ. ಪೇಪರ್‌ನಲ್ಲಿ ಎಲ್ಲರೂ ನೋಡಿದಾರೆ. ಒಂದು ಕೂದಲೆಳೆ ಹೆಚ್ಚುಕಮ್ಮಿ ಆಗ್ಕೂಡದು."

ಅಂದೇ ಸೊಸೆಯನ್ನು ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂರಿಸಿ, ಬಾಯ್ತುಂಬ ಅಚ್ಚು ತೆಗೆಯುವ ಮುದ್ದೆ ತುಂಬಿದರು ಡಾಕ್ಟರು. ಅವಳು ಆಕ್ಷೇಪಣೆ ಸಲ್ಲಿಸಿದ್ದು ನಿಜ. ಆದರೆ ಅದು ಹೊರಗೆ ಕೇಳಿಸಿದ್ದು "ಊಂ ಊಂ ಊಂ" ಎಂದು ಮಾತ್ರ. ಪಕ್ಕದಲ್ಲೇ ನಿಂತಿದ್ದ ಅತ್ತೆ, "ಒಪ್ಪಿದಳು, ಒಳ್ಳೆ ಹುಡುಗಿ" ಎಂದರು.

ಹತ್ತು ದಿನದಲ್ಲಿ ಹಲ್ಲು ಬಂತು. ಆ ನಂತರ ಆ ಮನೆಯಲ್ಲಿ ನಗುವಿನ ಪ್ರವಾಹ. ಅತ್ತೆ ಪೇಪರಿನವನಿಗೆ ನಕ್ಕರು, ತರಕಾರಿಯವಳಿಗೆ ನಕ್ಕರು, ಹನ್ನೊಂದು ವರ್ಷದ ಹಿಂದೆ ಯಾರೋ ಹೇಳಿದ ಜೋಕು ನೆನೆದು ಈಗ ನಕ್ಕರು. ಸೊಸೆ ಕೈತಪ್ಪಿ ಲೋಟ ಬೀಳಿಸಿದರೆ, ಅವಳದೇ ನಗು ಹಾಕಿಕೊಂಡು ಅವಳನ್ನೇ ನೋಡಿ ನಕ್ಕರು. ಕ್ಲಿನಿಕ್ಕಿಗೆ ಬಂದ ಮುದುಕ ಮುದುಕಿಯರಿಗೆ ಸ್ಟೂಲು ಸಾಲದಾಯಿತು. ಸೊಸೆಗೆ ಒಳಗೊಳಗೇ ಸಂತೋಷ. ಅತ್ತೆ ನಗುತ್ತಿದ್ದಾರೆ, ಗಿರಾಕಿ ಕುಣಿಯುತ್ತಿದ್ದಾನೆ, ಇನ್ನು ನೀಲಿ ಕುರ್ಚಿ ತನಗಲ್ಲದೆ ಇನ್ಯಾರಿಗೆ?

ಫಲಿತಾಂಶದ ದಿನ ಎಲ್ಲರ ಜಾಹೀರಾತುಗಳನ್ನೂ ಗೋಡೆಗೆ ಅಂಟಿಸಿದ್ದರು. ಗಿರಾಕಿಗಳಿಗೂ ಆಹ್ವಾನವಿತ್ತು. ಡಾಕ್ಟರು ಟೈ ಕಟ್ಟಿ ಬಂದರು. "ನನ್ನ ಫೋಟೋ ಇರೋ ಕಡೆ ನಾನಿಲ್ದೆ ಹೇಗೆ?" ಎಂದು ಅತ್ತೆಯೂ ಹೊರಟು ಬಂದಿದ್ದರು. ಮಾರ್ಜಿನ್ ಮೇಷ್ಟ್ರು ಸೊಸೆಯ ಪುಟದ ಮುಂದೆ ನಿಂತು, ಅಂಚುಗಳನ್ನು ಸ್ಕೇಲಿನಿಂದ ಅಳೆದು, ಕಣ್ಣು ಮುಚ್ಚಿ ಆನಂದಿಸಿದರು.

"ಪುಟ ಜೋಡಣೆಗೆ ನಲವತ್ತೆಂಟು! ಇನ್ನು ಫೋಟೋ ತಿದ್ದುಪಡಿ. ಇದರಲ್ಲಿ ಏನೇನು ಮಾಡಿದ್ದೀರಿ?"

"ನಗು, ಸಾರ್. ಇಡೀ ನಗು ನಾನು ತಂದಿಟ್ಟದ್ದು. ಮೂರು ಗಂಟೆ ಹಿಡೀತು."

ಮೇಷ್ಟ್ರು ಗೋಡೆ ನೋಡಿದರು. ತಿರುಗಿ ಅತ್ತೆಯ ಕಡೆ ನೋಡಿದರು. ಅತ್ತೆ ಬಾಯ್ತುಂಬ ನಕ್ಕರು. ಮೇಷ್ಟ್ರು ಮತ್ತೆ ಗೋಡೆ ನೋಡಿದರು, ಮತ್ತೆ ಅತ್ತೆಯನ್ನು ನೋಡಿದರು. ಸೊಟ್ಟ ಕೋರೆಹಲ್ಲಿನವರೆಗೂ ಎಲ್ಲ ಅದೇ.

"ಏನಮ್ಮಾ, ತಮಾಷೆ ಮಾಡ್ತೀರಾ? ಅವರು ಇರೋದೇ ಹೀಗಲ್ವಾ? ಫೋಟೋ ತೆಗೆದು ಹಾಗೇ ಅಂಟಿಸಿದ್ದೀರಿ! ಮೂಲ ಫೋಟೋ ತೋರ್ಸಿ."

"ಅದರ ಮೇಲೇ ಉಳಿಸಿಬಿಟ್ಟೆ ಸಾರ್."

"ಪದರಗಳು?"

"ಬೆಸೆದುಬಿಟ್ಟೆ ಸಾರ್."

ಮೇಷ್ಟ್ರು ಎದೆ ಹಿಡಿದುಕೊಂಡು ಹತ್ತಿರದ ಬೆಂಚಿನಲ್ಲಿ ಕೂತರು. ಸೊಸೆ ಗಂಡನ ಕಡೆ ತಿರುಗಿದಳು. "ರೀ, ನೀವಾದ್ರೂ ಹೇಳಿ! ಅವರಿಗೆ ಮೊದಲು ಹಲ್ಲು..."

ಡಾಕ್ಟರು ಒಮ್ಮೆ ಹೆಂಡತಿಯನ್ನು ನೋಡಿದರು, ಒಮ್ಮೆ ತಾಯಿಯನ್ನು ನೋಡಿದರು. ತಾಯಿ ಇನ್ನೂ ನಗುತ್ತಲೇ ಇದ್ದರು, ಕಣ್ಣು ಮಾತ್ರ ನಗುತ್ತಿರಲಿಲ್ಲ. ಡಾಕ್ಟರು ಟೈ ಸಡಿಲಿಸಿಕೊಂಡು, "ರೋಗಿಯ ಬಾಯಿ ವಿಷಯ ವೈದ್ಯನಾದವನು ಹೊರಗೆ ಹೇಳೋ ಹಾಗಿಲ್ಲ" ಎಂದು ಗಂಭೀರವಾಗಿ ನುಡಿದರು.

ಸೊಸೆಗೆ ಉಳಿದದ್ದು ಒಂದೇ ಸಾಕ್ಷಿ. ತಾನೇ ಮೇಷ್ಟ್ರ ಮುಂದೆ ನಿಂತು, ಅಳು ಬರುತ್ತಿದ್ದ ಮುಖದಲ್ಲಿ ಹಲ್ಲು ಕಿರಿದಳು. "ನೋಡಿ ಸಾರ್, ಇದು ನನ್ನ ನಗು!"

ಮೇಷ್ಟ್ರು ಬಗ್ಗಿ ನೋಡಿದರು. "ಹೌದಲ್ಲ, ಒಂದೇ ಥರ ಇದೆ" ಎಂದರು. ಅತ್ತೆ ಮುಂದೆ ಬಂದು ಸೊಸೆಯ ಬೆನ್ನು ಸವರಿದರು.

"ಪಾಪ, ಮನೆಗೆ ಬಂದಾಗಿಂದ ನನ್ನನ್ನೇ ನೋಡ್ಕೊಂಡು ಬೆಳೆದವಳು. ಅಡುಗೆ ಹತ್ತಲಿಲ್ಲ, ನಗೋದು ಮಾತ್ರ ನನ್ನ ಹಾಗೇ ಬಂತು."

ಸೊನ್ನೆ. ಐವತ್ತಕ್ಕೆ ಉರುಟಾದ, ಸುತ್ತ ಸಮನಾಗಿ ಜಾಗ ಬಿಟ್ಟ, ನಟ್ಟನಡುವಿನ ಒಂದು ಸೊನ್ನೆ. ನೀಲಿ ಕುರ್ಚಿ, ಚಪ್ಪಲಿ ಅಂಗಡಿಯ ಜಾಹೀರಾತಿನಲ್ಲಿ ಬೆಕ್ಕಿಗೆ ಚಪ್ಪಲಿ ತೊಡಿಸಿದ್ದ ಒಬ್ಬನ ಪಾಲಾಯಿತು. ಸೊಸೆ ತಿದ್ದುಪಡಿಯ ಭಾಗವನ್ನು ಮುಂದಿನ ಬ್ಯಾಚಿನಲ್ಲಿ ಮೊದಲಿಂದ ಕಲಿಯಬೇಕೆಂದು ತೀರ್ಪಾಯಿತು.

ಮನೆಗೆ ಬರುವ ದಾರಿಯುದ್ದಕ್ಕೂ ಅವಳು ಕಣ್ಣೊರೆಸಿಕೊಳ್ಳುತ್ತಲೇ ಬಂದಳು. ಅತ್ತೆಗೆ ಕರುಳು ಚುರ್ ಎಂದಿರಬೇಕು. ರಾತ್ರಿ ಊಟಕ್ಕೆ ತಾವೇ ಬಡಿಸಿ, ತಟ್ಟೆಯ ಅಂಚಿನವರೆಗೂ ಅನ್ನ ಹಾಕಿ, ಪಕ್ಕದಲ್ಲಿ ಕೂತರು.

"ಬಿಡೇ, ಅಳಬೇಡ. ಮುಂದಿನ ಸಲಾನೂ ನನ್ನ ಫೋಟೋನೇ ಹಾಕು. ನಿಜವಾಗ್ಲೂ ಏನಾದ್ರೂ ತಿದ್ದು, ಪಾಸಾಗ್ತೀಯ" ಎಂದು ಸಮಾಧಾನ ಹೇಳಿದರು. ಆಮೇಲೆ ಎದ್ದು ಕನ್ನಡಿಯ ಮುಂದೆ ಹೋಗಿ, ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ, ಸೊಸೆಯ ಹಲ್ಲುಗಳನ್ನೆಲ್ಲ ತೋರಿಸಿ ನಕ್ಕು, ನಿಜವಾದ ಚಿಂತೆಯಿಂದ ಕೇಳಿದರು:

"ಆದ್ರೆ ಇದರಲ್ಲಿ ತಿದ್ದೋಕೆ ಏನಿದೆ?"