ಮಿಡತೆಯ ಹೊಸ ಜೊತೆಗಾರ

ಗುರುಗಳು ತೀರಿಕೊಂಡ ಸುದ್ದಿ ಬೆಳಗಿನ ಬ್ಯಾಡ್ಮಿಂಟನ್ ಅಭ್ಯಾಸದ ನಡುವೆ ಬಂತು. ಶಟಲ್ ನೆಲಕ್ಕೆ ಬಿತ್ತು, ಯಾರೂ ಹೆಕ್ಕಲಿಲ್ಲ. ಬೆವರಿದ ಅಂಗಿಯಲ್ಲೇ ಎಲ್ಲರೂ ಗುರುಗಳ ಮನೆಗೆ ಓಡಿದರು.

ಅಲ್ಲಿ ಹೊರಕೋಣೆಯ ಮೂಲೆಯಲ್ಲಿ ಎಲ್ಲರೂ ಮಿಡತೆಯೆಂದು ಕರೆಯುವ ಆಟಗಾರ ಒಂದು ನೋಟ ಕಂಡ. ಅವನ ಡಬಲ್ಸ್ ಜೊತೆಗಾರ, ಎತ್ತರದ ಕಂಬ, ಎದುರಾಳಿ ಜೋಡಿಯ ಎಡಚನ ಕಿವಿಗೆ ಬಾಗಿ, ಬಾಯಿಗೆ ಅಂಗೈ ಅಡ್ಡ ಹಿಡಿದು ಏನೋ ಹೇಳುತ್ತಿದ್ದ.

ಸಾವಿನ ಮನೆಯಲ್ಲಿ ಬಾಯಿಗೆ ಕೈ ಅಡ್ಡ ಹಿಡಿಯದವರು ಯಾರು? ಆದರೆ ಡಬಲ್ಸ್ ಆಡುವವರಿಗೆ ಆ ಕೈಯ ಅರ್ಥ ಒಂದೇ. ಎದುರಿನವರು ತುಟಿ ನೋಡಿ ಹೂಟ ತಿಳಿಯಬಾರದೆಂದು ಜೊತೆಗಾರರು ಹಾಗೆ ಪಿಸುಗುಟ್ಟುತ್ತಾರೆ. ಕಂಬ ಇಷ್ಟು ವರ್ಷ ಹಾಗೆ ಮಾತಾಡಿದ್ದು ಮಿಡತೆಯೊಡನೆ ಮಾತ್ರ. ಗಂಡನ ಜೇಬಿನಲ್ಲಿ ಬೇರೊಬ್ಬಳ ಕರವಸ್ತ್ರ ಕಂಡ ಹೆಂಡತಿಯಂತೆ ಮಿಡತೆಯ ಮುಖ ಸಪ್ಪಗಾಯಿತು.

ನೆಟ್ಟಿನ ಬಳಿ ಹಾರಿ ಹಾರಿ ಆಡುವುದು ಬಿಟ್ಟು ಅವನಿಗೆ ಬೇರೆ ವಿದ್ಯೆಯಿಲ್ಲ. ಹಿಂದಿನಿಂದ ಸ್ಮ್ಯಾಷ್ ಹೊಡೆಯುವ ಎತ್ತರದವನಿಲ್ಲದಿದ್ದರೆ ಅವನ ಹೊಟ್ಟೆಪಾಡೇ ಮುಗಿದಂತೆ. ಮುಂದಿನ ಪಂದ್ಯಾವಳಿಗೆ ಜೋಡಿಗಳ ಹೆಸರು ಕೊಡಲು ಆ ಸಂಜೆಯೇ ಕೊನೆ.

ರ್‍ಯಾಕೆಟ್ಟಿಗೆ ತಂತಿ ಬಿಗಿಯುವ ಮುದುಕರೊಬ್ಬರು ಮಿಡತೆಯ ಪಕ್ಕಕ್ಕೆ ಸರಿದರು. ಸುದ್ದಿಯನ್ನೂ ಅವರು ತಂತಿಯಷ್ಟೇ ಬಿಗಿಯಾಗಿ ಎಳೆಯುವವರು.

“ಕಂಬ ನಿನ್ನೆ ಎಡಚನ ಮನೆಗೂ ಹೋಗಿದ್ದ. ನಿಂಗೆ ಗೊತ್ತಿರುತ್ತೆ ಬಿಡಪ್ಪ.”

“ಗೊತ್ತಿಲ್ಲ.”

“ಹಾಗಾದ್ರೆ ನಾನೇನೂ ಹೇಳಿಲ್ಲ ಅಂದ್ಕೋ.”

ಮಿಡತೆ ಹೆಂಡತಿಗೆ ಫೋನು ಮಾಡಿದ. ತನಗೆ ಕಂಬನ ಮೇಲೆ ಮೊದಲಿನಿಂದಲೂ ಗುಮಾನಿಯಿತ್ತೆಂದು ಅವಳು ಅಂದಳು. ಅಷ್ಟರಲ್ಲಿ ಕಂಬನೇ ಬಂದು, ಸಂಜೆ ಒಂದು ವಿಷಯ ಹೇಳಬೇಕೆಂದು ನೆಲ ನೋಡುತ್ತ ಹೇಳಿ ಹೋದ. ಇನ್ನೇನು ಸಾಕ್ಷಿ ಬೇಕು?

ಎಡಚನ ಜೊತೆಗಾರ ಗುಂಡ ಹಿತ್ತಲ ನಲ್ಲಿಯ ಬಳಿ ಅಳುತ್ತಿದ್ದ. ಕಂಬ, ಎಡಚ ಇಬ್ಬರೂ ಒಂದಾಗಿ ನಮ್ಮನ್ನು ಕೈಬಿಡುತ್ತಿದ್ದಾರೆಂದು ಮಿಡತೆ ಕಿವಿಯಲ್ಲಿ ಊದಿದ. ಗುಂಡನ ಅಳು ಥಟ್ಟನೆ ನಿಂತಿತು; ಅನುಮಾನಿಸುವುದರಲ್ಲಿ ಅವನೂ ಕಡಿಮೆಯವನಲ್ಲ. ಇಬ್ಬರೂ ಗೋಡೆಯ ಮರೆಯಲ್ಲಿ ನಿಂತು ಸಂಘದ ಕಾರ್ಯದರ್ಶಿಗೆ ಫೋನು ಮಾಡಿ ತಮ್ಮಿಬ್ಬರ ಹೆಸರನ್ನು ಜೋಡಿಯಾಗಿ ಕೊಟ್ಟರು. ಕೊಟ್ಟ ಹೆಸರು ಮತ್ತೆ ಬದಲಾಗದೆಂದು ಕಾರ್ಯದರ್ಶಿ ಎಚ್ಚರಿಸಿದರು. ಮಿಡತೆಗೆ ಬೇಕಿದ್ದುದೂ ಅದೇ.

ಅಂತ್ಯಕ್ರಿಯೆ ಮುಗಿಸಿ ಗುರುಗಳ ಮನೆಗೆ ಮರಳಿದ ಮೇಲೆ ಕಂಬ ಎಡಚನನ್ನು ಕರೆದುಕೊಂಡು ಕುಂಟುತ್ತ ಬಂದ.

“ನನ್ನ ಮಂಡಿ ಹೋಯ್ತು ಕಣೋ. ಇನ್ನು ಆಡಬೇಡ ಅಂದ್ರು ಡಾಕ್ಟ್ರು. ಗುರುಗಳಿಗೆ ಮಾತ್ರ ಹೇಳಿದ್ದೆ. ಮಿಡತೆನ ನಡುನೀರಲ್ಲಿ ಬಿಡಬೇಡ, ಎಡಚನ್ನ ಅವನಿಗೆ ಜೊತೆ ಮಾಡು ಅಂದ್ರು. ನಿನ್ನೆಯಿಂದ ಕಾಡಿ ಬೇಡಿ ಒಪ್ಪಿಸಿದ್ದೀನಿ. ಗುಂಡನಿಗೂ ಒಬ್ಬ ಎತ್ತರದವನನ್ನ ನೋಡಿದ್ದೀವಿ.”

ಮಿಡತೆ ತಡವರಿಸುತ್ತ ನಡೆದದ್ದನ್ನು ಹೇಳಿದ. ಎಡಚ ತಿರುಗಿ ಹೊರಟುಹೋದ. ಕಂಬ ಮಂಡಿ ಹಿಡಿದುಕೊಂಡು ಕುಳಿತುಬಿಟ್ಟ.

ಅಲ್ಲೇ ನಿಂತಿದ್ದ ಗುಂಡ ಮಾತ್ರ ತಲೆ ಕೆರೆದುಕೊಂಡು ಕೇಳಿದ: “ಅಣ್ಣಾ, ನೀವೂ ನೆಟ್ ಹತ್ರ ಆಡೋರು, ನಾನೂ ನೆಟ್ ಹತ್ರ ಆಡೋನು. ಹಿಂದೆ ಯಾರು ನಿಲ್ತಾರೆ?”

ಮಿಡತೆ ಬರಿದಾದ ಹೊರಕೋಣೆಯೊಳಗೆ ಹೋಗಿ, ಗುರುಗಳು ಕೂರುತ್ತಿದ್ದ ಕುರ್ಚಿಯ ಮುಂದೆ ಕೈಮುಗಿದು ನಿಂತ. ತನಗಾಗಿ ಏನನ್ನೂ ಬೇಡಲು ಬಾಯಿ ಬರಲಿಲ್ಲ.

“ದೇವರೇ, ಸಾಯುವಾಗಲೂ ನನ್ನ ಚಿಂತೆ ಹೊತ್ತಿದ್ದ ಜೀವ ಅದು. ಇವತ್ತು ನಾನು ಮಾಡಿದ್ದು ಅವರಿಗೆ ತಿಳಿಯದೆ ಇರಲಿ. ಅವರ ಆತ್ಮಕ್ಕೆ ಶಾಂತಿ ಕೊಡು.”