ತಂಬಾಕು ಮುಟ್ಟದ ಹತ್ತು ಬಾಯಿ

ಸಂಜೆ ಐದರೊಳಗೆ ಹತ್ತು ಬಾಯಿ ಬೇಕಿತ್ತು. ಎಲ್ಲವೂ ಐವತ್ತು ದಾಟಿದ ಹೆಂಗಸರವು, ತಂಬಾಕು ಮುಟ್ಟದವು. ಒಬ್ಬೊಬ್ಬರ ಕೆನ್ನೆಯೊಳಗೂ ಹತ್ತಿಕಡ್ಡಿ ಉಜ್ಜಿ, ಸೀಸೆಯಲ್ಲಿಟ್ಟು, ದೊಮ್ಮಲೂರಿನ ಲ್ಯಾಬಿಗೆ ಮುಟ್ಟಿಸಿದರೆ ಅಬ್ರಾರನ ತರಬೇತಿ ಮುಗಿಯುತ್ತಿತ್ತು.

ಅಲ್ಪಸಂಖ್ಯಾತರ, ಹಿಂದುಳಿದವರ ಮನೆಗಳ ಹುಡುಗ ಹುಡುಗಿಯರನ್ನು ಕ್ಯಾನ್ಸರ್ ಸಂಶೋಧನೆಗೆ ತಯಾರು ಮಾಡುವ ಆರು ತಿಂಗಳ ತರಬೇತಿ ಅದು. ಹನ್ನೆರಡು ಮಂದಿಯಲ್ಲಿ ಒಬ್ಬರಿಗಷ್ಟೇ ಲ್ಯಾಬಿನಲ್ಲಿ ಕೆಲಸ. ಸಿಗದಿದ್ದರೆ ಅಬ್ರಾರ್ ಮಾವನ ಸೂಟ್‌ಕೇಸ್ ಅಂಗಡಿಯಲ್ಲಿ ಕೂರಬೇಕು.

ಶಿವಾಜಿನಗರದ ಅವರ ಗಲ್ಲಿಯಲ್ಲಿ ಯಾರಿಗೆ ಏನು ಬೇಕಾದರೂ ಎದುರುಮನೆಯ ಶಮೀಮ್ ಖಾಲಾ ಒದಗಿಸುತ್ತಿದ್ದರು. ಹನ್ನೊಂದು ಗಂಟೆಗೆಲ್ಲ ತಮ್ಮ ನಡುಮನೆಯಲ್ಲಿ ಹದಿನೇಳು ಹೆಂಗಸರನ್ನು ಕೂರಿಸಿದ್ದರು. ಜೊತೆಗೆ ಗಂಡಂದಿರು, ಸೊಸೆಯರು. ಕ್ಯಾನ್ಸರ್ ಅಂದಮೇಲೆ ಯಾರೂ ಒಬ್ಬರೇ ಬರುವುದಿಲ್ಲ. ಇವರಲ್ಲಿ ಯಾರೂ ತಂಬಾಕು ತಿನ್ನುವವರಲ್ಲ, ಅದಕ್ಕೆ ತಾನು ಗ್ಯಾರಂಟಿ ಎಂದರು ಖಾಲಾ.

ಮೊದಲು ಹೂ ಮಾರುವ ಆಂಜನಮ್ಮ. ಗಂಡನ ಪಕ್ಕದಲ್ಲೇ ಕೂತು 'ಇಲ್ಲ' ಎಂದು ಬರೆಸಿದರು. ಕಡ್ಡಿ ಹುಣಸೆರಸದಲ್ಲಿ ಅದ್ದಿದಂತೆ ಹೊರಬಂತು. ಕಡ್ಡಿಪುಡಿ ತಂಬಾಕಿನ ಘಾಟು ಅಬ್ರಾರನ ಮೂಗಿಗೇ ಹೊಡೆಯಿತು.

"ಆಂಜನಮ್ಮಾ, ಇದು ತಂಬಾಕು. ನಿಮ್ದು ಆಗಲ್ಲ," ಎಂದ, ಎಲ್ಲರಿಗೂ ಕೇಳಿಸುವಂತೆ.

ಮೂವತ್ತೊಂದು ವರ್ಷ ಸಂಸಾರ ಮಾಡಿದ ಗಂಡ, ಬೇರೆಯವರ ಬ್ಯಾಗೇಜು ತನ್ನ ಕೈಗೆ ಬಂದವನ ಹಾಗೆ ಹೆಂಡತಿಯನ್ನು ನೋಡಿದ. ಮುಂದಿನವರು ಕಲೀಮುಲ್ಲಾ ಸಾಹೇಬರ ಹೆಂಡತಿ. ಅವರ ಕಡ್ಡಿಯೂ ಕಂದಾಗಿಯೇ ಬಂತು; ಅದು ಖರ್ಜೂರದ ಬಣ್ಣ ಎಂದರು. ಸೊಸೆ ಅತ್ತೆಯ ಪರ್ಸಿನಿಂದ ತಂಬಾಕಿನ ಪೊಟ್ಟಣ ತೆಗೆದು ಟೀಪಾಯಿಯ ಮೇಲಿಟ್ಟಳು. ಹೀಗೆ ಏಳು ಜನ. ಅಬ್ರಾರನ ಕಣ್ಣು ಗಡಿಯಾರದ ಮೇಲಿತ್ತು, ಜಗಳಗಳ ಮೇಲಲ್ಲ.

ಉಳಿದ ಹತ್ತು ಬಾಯಿ ಶುದ್ಧವಾಗಿದ್ದವು. ಹಲಸೂರು ಕೆರೆ ಹತ್ತಿರ ಆಟೊ ಅರ್ಧ ಗಂಟೆ ನಿಂತಿತು. ಐಸ್ ಡಬ್ಬಿಯನ್ನು ಹಸುಗೂಸಿನಂತೆ ಅಪ್ಪಿಕೊಂಡು, ಐದಕ್ಕೆ ಹತ್ತು ನಿಮಿಷವಿರುವಾಗ ಲ್ಯಾಬು ಮುಟ್ಟಿದ.

ತರಬೇತಿಯ ಮುಖ್ಯಸ್ಥೆ ಹಂಸ ಮೇಡಂ ಡಬ್ಬಿಯನ್ನು ಬದಿಗಿಟ್ಟರು. ಇಂಥವು ಫ್ರಿಜ್‌ನಲ್ಲಿ ಆಗಲೇ ನೂರ ಹತ್ತು ಇವೆ ಎಂದರು. ಎಷ್ಟು ಜನರನ್ನು ವಾಪಸ್ ಕಳಿಸಿದಿರಿ ಎಂದು ಕೇಳಿದರು.

"ಏಳು ಜನ, ಮ್ಯಾಮ್. ತಿಂತಾರೆ, ಆದ್ರೆ ಇಲ್ಲ ಅಂತ ಬರೆಸಿದ್ರು."

ಮೇಡಂ ಪೆನ್ನು ಕೆಳಗಿಟ್ಟರು. "ಕದ್ದು ತಿನ್ನೋರನ್ನೇ ಎರಡು ವರ್ಷದಿಂದ ಹುಡುಕ್ತಿದೀವಿ. ಯಾರೂ ಒಪ್ಕೊಳ್ಳಲ್ಲ. ಆ ಏಳು ಜನ ನಾಳೆ ಒಪ್ಪಿ ಸಹಿ ಹಾಕಿದ್ರೆ ಕೆಲಸ ನಿಮ್ದು."

ಅಬ್ರಾರ್ ಕಾರಿಡಾರಿಗೆ ಓಡಿಬಂದು ಫೋನ್ ಮಾಡಿದ. ಖಾಲಾ ಸುಸ್ತಾಗಿದ್ದರು. ಅವನು ಹೋದಮೇಲೆ ಆಂಜನಮ್ಮ ಬ್ಯಾಗು ಹಿಡಿದು ತವರಿಗೆ ಹೊರಟಿದ್ದರಂತೆ. ಕೊನೆಗೆ ಖಾಲಾ ಅವನ ಅಮ್ಮನನ್ನು ಜೊತೆಗಿಟ್ಟುಕೊಂಡು ಏಳೂ ಮನೆಗೆ ಹೋಗಿ ರಾಜಿ ಮಾಡಿಸಿ ಬಂದಿದ್ದರು.

"ಏನ್ ಹೇಳಿ ರಾಜಿ ಮಾಡಿಸಿದ್ರಿ, ಖಾಲಾ?"

"ಇನ್ನೇನ್ ಹೇಳೋದು ಬೇಟಾ. ಹುಡುಗನಿಗೆ ಇನ್ನೂ ಕೆಲ್ಸ ಬರಲ್ಲ, ಖರ್ಜೂರ ಯಾವ್ದು ತಂಬಾಕು ಯಾವ್ದು ಗೊತ್ತಾಗಲ್ಲ ಅಂದ್ವಿ. ನಿಮ್ಮಮ್ಮಾನೂ ಹೌದು ಅಂದ್ರು. ಏಳು ಮನೇನೂ ಈಗ ಆರಾಮಾಗಿವೆ. ಆದ್ರೆ ಆ ಉಳಿದ ಹತ್ ಜನ ಬಂದು ಬಾಗ್ಲಲ್ಲಿ ನಿಂತಿದಾರೆ. ಕೆಲ್ಸ ಬರ್ದಿರೋನ ಹತ್ರ ನಮ್ ಎಂಜಲು ಯಾಕಿರ್ಬೇಕು, ವಾಪಸ್ ತಂದ್ಕೊಡ್ಲಿ ಅಂತ."